ಅಮೆರಿಕದಿಂದ ಬಂದ ಟರ್ನ್‌ಟೇಬಲ್ ಹಾಸನದಲ್ಲಿ ನಿಧಾನ ತಿರುಗ್ತಿದೆ, ಡೀಲರ್‌ಗೆ ವಾಪಸ್ ಕೊಡಲೇ?

ಆಲೂರು ಎಲ್‌ಪಿ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹಾಸನದ ಡೀಲರ್ ಒಬ್ಬರ ಹತ್ತಿರ 16 ಸಾವಿರ ಕೊಟ್ಟು ಬೆಲ್ಟಿನಿಂದ ತಿರುಗುವ ಹಳೆಯ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ತಗೊಂಡೆ. ಅಮೆರಿಕದಿಂದ ಊರಿಗೆ ಬಂದವರೊಬ್ಬರು ಮಾರಿಕೊಡಿ ಅಂತ ಅಂಗಡಿಯಲ್ಲಿ ಇಟ್ಟುಹೋದ ಮಾಲು. ಜೊತೆಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನೂ ಕೊಟ್ಟರು. ಅಂಗಡಿಯಲ್ಲಿ ಯಾವುದೋ ವಾದ್ಯಸಂಗೀತದ ರೆಕಾರ್ಡ್ ಹಾಕಿ ತೋರಿಸಿದಾಗ ಏನೂ ಗೊತ್ತಾಗಲಿಲ್ಲ.

ಮನೆಗೆ ತಂದು ಅಪ್ಪನ ಎಲ್‌ಪಿ ಹಾಕಿದರೆ ಪಿ.ಬಿ. ಶ್ರೀನಿವಾಸ್ ದನಿ ನಿದ್ದೆಗಣ್ಣಲ್ಲಿ ಹಾಡಿದ ಹಾಗಿದೆ. ಸಂಜೆ ನಮ್ಮೂರಲ್ಲಿ ವೋಲ್ಟೇಜ್ ಇಳಿಯುತ್ತದೆ, ಅದಕ್ಕೇ ಇರಬೇಕು ಅಂತ ಸ್ಟೆಬಿಲೈಜರ್ ಹಾಕಿದೆ. ಬೆಲ್ಟ್ ಸಡಿಲ ಇರಬಹುದು ಅಂತ ಹೊಸ ಬೆಲ್ಟ್ ತರಿಸಿ ಹಾಕಿದೆ. ಎರಡೂ ದಂಡ. ಸಂಗೀತ ಕಲಿಯುವ ಅಕ್ಕನ ಮಗಳು ಹಾರ್ಮೋನಿಯಂ ಹಿಡಿದು ನೋಡಿ, "ಮಾಮ, ಇದೇ ಹಾಡು ಫೋನಲ್ಲಿ ಎರಡೂವರೆ ಮನೆ ಶ್ರುತಿಲಿದೆ, ಇಲ್ಲಿ ಒಂದಕ್ಕೆ ಬಂದಿದೆ" ಅಂದಳು. ಬಿಲ್ಲಲ್ಲಿ "ಹಳೆ ಮಾಲು, ಗ್ಯಾರಂಟಿ ಇಲ್ಲ" ಅಂತ ಬರೆದಿದೆ. ಮೋಸ ಹೋದೆನಾ?

ಗಿರಿಸೀಮೆ (ಚಿಕ್ಕಮಗಳೂರು):
ಸರ್, ಬೆಲ್ಟ್ ಜಾರಿದರೆ ವೇಗ ಒಂದೇ ಸಮ ಇರಲ್ಲ, ದನಿ ಎಳೆದಾಡುತ್ತದೆ. ನಿಮ್ಮದು ಮೊದಲಿಂದ ಕೊನೆವರೆಗೆ ಒಂದೇ ಥರ ನಿಧಾನ ಇದೆಯಾ? ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಅಂಚಿಗೆ ಒಂದು ಚೂರು ಟೇಪ್ ಅಂಟಿಸಿ, ರೆಕಾರ್ಡ್ ಮೇಲೆ ಸೂಜಿ ಇಟ್ಟು, ಫೋನಲ್ಲಿ ಮೂರು ನಿಮಿಷ ಹಾಕಿ ಸುತ್ತು ಎಣಿಸಿ. ಎಲ್‌ಪಿಯ ವೇಗ, ಅಂದರೆ ನಿಮಿಷಕ್ಕೆ 33⅓ ಸುತ್ತು, ಸರಿ ಇದ್ದರೆ ಸರಿಯಾಗಿ 100 ಸುತ್ತು ಬರಬೇಕು. ಹಿಂದಿನ ತಗಡಿನ ಮೇಲೆ ಏನು ಬರೆದಿದೆ ಅಂತಲೂ ಹಾಕಿ.

ಆಲೂರು ಎಲ್‌ಪಿ:
ಎರಡು ಸಲ ಎಣಿಸಿದೆ. ಎರಡು ಸಲವೂ 83, ಮೇಲೆ ಸ್ವಲ್ಪ. ಹಿಂದೆ 120 ವೋಲ್ಟ್, 60 ಹರ್ಟ್ಜ್ ಅಂತಿದೆ.

ಗಿರಿಸೀಮೆ:
ಹಾಗಾದರೆ ಕಾರಣ ಸಿಕ್ಕಿತು. ನಿಮ್ಮ ಬೆಲ್ಟಿನದೂ ತಪ್ಪಿಲ್ಲ, ವೋಲ್ಟೇಜಿನದೂ ಅಲ್ಲ. ಇದರೊಳಗಿರುವುದು ಸಿಂಕ್ರೊನಸ್ ಮೋಟರ್. ಅದು ಕರೆಂಟಿನ ಹರ್ಟ್ಜ್ (ಸೆಕೆಂಡಿಗೆ ಎಷ್ಟು ಆವರ್ತ) ಲೆಕ್ಕಕ್ಕೆ ತಿರುಗುತ್ತದೆ. ವೋಲ್ಟೇಜ್ ಒಂದಿಷ್ಟು ಏರಿಳಿದರೆ ವೇಗ ಬದಲಾಗಲ್ಲ. ಅಮೆರಿಕದಲ್ಲಿ 60, ನಮ್ಮಲ್ಲಿ 50. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸುತ್ತದೆ, ಹರ್ಟ್ಜನ್ನು ಮುಟ್ಟುವುದೇ ಇಲ್ಲ. ಆರರಲ್ಲಿ ಐದು ಪಾಲು ವೇಗ, ಅಂದರೆ 100ರ ಬದಲು 83. ನಿಮ್ಮ ಅಕ್ಕನ ಮಗಳ ಕಿವಿಗೆ ನಮಸ್ಕಾರ: 6ಕ್ಕೆ 5 ಅಂದರೆ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವಷ್ಟೇ ಅಂತರ. ಎರಡೂವರೆಯಿಂದ ಒಂದಕ್ಕೆ ಇಳಿಯುವುದೂ ಅಷ್ಟೇ.

ಡೀಲರ್ ಮೋಸ ಮಾಡಿದ್ದಾರೆ ಅಂತ ನನಗೆ ಅನ್ನಿಸಲ್ಲ. ಟ್ರಾನ್ಸ್‌ಫಾರ್ಮರ್ ಕೊಟ್ಟರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ಆದರೆ ಸರಿಯಾದ ವೇಗದಲ್ಲಿ ಓಡದ್ದನ್ನು ಮಾರಿದ್ದಕ್ಕೆ ಅವರಿಗೂ ಹೊಣೆ ಇದೆ. ಹೋಗಿ ಜಗಳ ಆಡಬೇಡಿ, ಅವರ ಕಣ್ಣೆದುರೇ ಮೂರು ನಿಮಿಷ ಎಣಿಸಿ ತೋರಿಸಿ.

ಸರಿ ಮಾಡುವುದು ಕಷ್ಟವಲ್ಲ. ಮೋಟರ್ ತಲೆಯಲ್ಲಿ ಬೆಲ್ಟ್ ಸುತ್ತುವ ಪುಲ್ಲಿಯನ್ನು 1.2 ಪಟ್ಟು ದಪ್ಪ ಮಾಡಿಸಬೇಕು. 50 ಹರ್ಟ್ಜಿನ ಪುಲ್ಲಿ ಸಿಕ್ಕರೆ ಅದೇ ಒಳ್ಳೆಯದು, ಇಲ್ಲದಿದ್ದರೆ ಲೇತ್‌ನವರ ಹತ್ತಿರ ಹಿತ್ತಾಳೆಯಲ್ಲಿ ಮಾಡಿಸಿ. ಬೆಲ್ಟ್ ದಪ್ಪದ ಐದನೇ ಒಂದು ಪಾಲನ್ನೂ ಲೆಕ್ಕಕ್ಕೆ ಸೇರಿಸಿ. ಪುಲ್ಲಿಯಲ್ಲಿ 33, 45 ಎರಡು ವೇಗಕ್ಕೂ ಇರುವ ಎರಡೂ ಮೆಟ್ಟಿಲು ಹೇಳಿ. ಪುಲ್ಲಿ ನಡುವಿನ ತೂತು ಒಂದು ಕೂದಲೆಳೆ ಪಕ್ಕಕ್ಕೆ ಹೋದರೂ ದನಿ ಅಲೆಯಾಡುತ್ತದೆ. ಪುಲ್ಲಿ ಬದಲಾಯಿಸಿದ ಮೇಲೂ ಟ್ರಾನ್ಸ್‌ಫಾರ್ಮರ್ ತೆಗೆಯಬೇಡಿ, ನೇರ 230ಕ್ಕೆ ಹಾಕಿದರೆ ಮೋಟರ್ ಸುಟ್ಟುಹೋಗುತ್ತದೆ.

ಹಳೆ ಸೂಜಿ (ಸಕಲೇಶಪುರ):
ಅಂಗಡಿಗೆ ಒಯ್ಯುವಾಗ ಪ್ಲ್ಯಾಟರ್ ತೆಗೆದು ಬೇರೆ ಸುತ್ತಿ, ಸೂಜಿ ಇರುವ ಆರ್ಮ್ ಕಟ್ಟಿ, ಹಿಂದಿನ ತೂಕದ ಗುಂಡು ಬಿಚ್ಚಿಡಿ. ನಾನು ಕಟ್ಟದೆ ಬಸ್ಸಲ್ಲಿ ತಂದು ಒಳ್ಳೆಯ ಸೂಜಿ ಮುರಿದುಕೊಂಡೆ.

ನಾನೂ ಒಂದು ಆಂಪ್ಲಿಫೈಯರ್ ಡೀಲರ್ ಹತ್ತಿರ ಮಾರಾಟಕ್ಕೆ ಇಡಬೇಕು. ಏನು ಬರೆಸಿಕೊಳ್ಳಲಿ?

ಗಿರಿಸೀಮೆ:
ಸೀರಿಯಲ್ ನಂಬರ್, ಕೊಡುವಾಗ ಹೇಗಿತ್ತು, ಕಮಿಷನ್ ಎಷ್ಟು, ಎಷ್ಟು ದಿನದಲ್ಲಿ ಮಾರದಿದ್ದರೆ ವಾಪಸ್, ಅಂಗಡಿಯಲ್ಲಿ ಕೆಟ್ಟರೆ ಯಾರ ಖರ್ಚು. ಮಳೆಗಾಲ ಕಳೆದ ಮೇಲೆ ಇಡಿ. ನಮ್ಮ ಕಡೆ ತೇವಕ್ಕೆ ವಾಲ್ಯೂಮ್ ಗುಂಡಿ ಕರಕರ ಅನ್ನುತ್ತದೆ, ಅದನ್ನು ಕೇಳಿದ ಗಿರಾಕಿ ರೇಟ್ ಇಳಿಸುತ್ತಾನೆ.

ಆಲೂರು ಎಲ್‌ಪಿ:
ಎರಡು ವಾರದ ಮೇಲೆ ಬರೀತಿದ್ದೀನಿ. ಡೀಲರ್ ತಾವೇ ಎಣಿಸಿದರು, 83 ಬಂದಾಗ ಸುಮ್ಮನೆ ನಿಂತರು. ಆಮೇಲೆ, "ನಂಗಿದು ಗೊತ್ತಿರಲಿಲ್ಲ, ಪುಲ್ಲಿ ಖರ್ಚು ನಂದು" ಅಂದರು. ಹಾಸನದಲ್ಲೇ ಲೇತ್‌ನಲ್ಲಿ ಮಾಡಿಸಿದೆವು. ಮೊದಲನೆಯದು ಸರಿ ಆಗಲಿಲ್ಲ. ಸುತ್ತು 100 ಬಂತು, ಆದರೆ ಉದ್ದ ಸ್ವರದಲ್ಲೆಲ್ಲ ದನಿ ತೂಗಾಡುತ್ತಿತ್ತು. ಲೇತ್‌ನವರು ಬೇಜಾರಿಲ್ಲದೆ ಇನ್ನೊಂದು ಮಾಡಿಕೊಟ್ಟರು. ಯಾರಿಗಾದರೂ ಬೇಕಾದರೆ ಅಳತೆ: ಹಳೆ ಪುಲ್ಲಿಯ ಅಡ್ಡಳತೆ 10 ಮಿ.ಮೀ., ಬೆಲ್ಟ್ ದಪ್ಪ 0.6, ಹೊಸ ಪುಲ್ಲಿ 12.1. ನಿನ್ನೆ ರಾತ್ರಿ ಅದೇ ಎಲ್‌ಪಿ ಹಾಕಿ ಅಕ್ಕನ ಮಗಳು ಎರಡೂವರೆ ಮನೆ ಒತ್ತಿ ಹಿಡಿದಳು. ಶ್ರುತಿ ಕೂತಿತು. ಅಪ್ಪ ಇನ್ನೊಂದು ಮುಖ ಹಾಕು ಅಂದರು.