ಅಪ್‌ಡೇಟ್: ಅಮ್ಮನ ತಲೆಸುತ್ತು ನಿಂತಿದೆ

ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಅಮ್ಮನಿಗೆ ಇಡೀ ಮನೆ ಗಿರ್ ಅಂತ ತಿರುಗುತ್ತದೆ, ಬಿಪಿನಾ ಪಿತ್ತಾನಾ ಅಂತ ಕೇಳಿದ್ದೆ ಅಲ್ವಾ? ಎರಡೂ ಅಲ್ಲ. ಕಿವಿ.

ಇಎನ್‌ಟಿ ಡಾಕ್ಟರ್ ಅಮ್ಮನ ತಲೆ ಬಲಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡಿದರು. ಕಣ್ಣುಗುಡ್ಡೆ ಅದುರುತ್ತಿತ್ತು. ಒಳಕಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿ, ಪಕ್ಕದ ನಾಳಕ್ಕೆ ಜಾರಿವೆಯಂತೆ. ಇದಕ್ಕೆ ಬಿಪಿಪಿವಿ ಅಂತಾರೆ. ಆಮೇಲೆ ಆ ಹರಳುಗಳನ್ನು ವಾಪಸ್ ಅವುಗಳ ಜಾಗಕ್ಕೆ ಜಾರಿಸೋ ಎಪ್ಲಿ ವಿಧಾನ ಮಾಡಿದರು. ತಲೆಯನ್ನು ಒಂದೊಂದೇ ಭಂಗಿಗೆ ತಿರುಗಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಕೊನೆಗೆ ಎಬ್ಬಿಸಿ ಕೂರಿಸಿದರು. ಅಷ್ಟೂ ಹೊತ್ತು ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿದಿದ್ದರು, ಪಾಪ. ಮಾತ್ರೆ ಬರೆಯಲೇ ಇಲ್ಲ.

ಮತ್ತೆ ಬರಬಹುದು ಅಂದಿದ್ದಾರೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ ಅಥವಾ ಕೈಕಾಲು ಸೋತರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ನಿನ್ನೆ ರಾತ್ರಿ ಅಮ್ಮ ಬಲಕ್ಕೇ ಹೊರಳಿ ಮಲಗಿದ್ದರು. ಕಿವಿ ತೋರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್.