ಸಹಾಯ ಬೇಕು: ಲೈಬ್ರರಿ ಲ್ಯಾಪ್‌ಟಾಪ್ ನಂಬಿ ಪ್ರಾಜೆಕ್ಟ್ ಮುಗಿಸಬಹುದಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಎಂ.ಎಸ್. ಮಾಡ್ತಿದ್ದೀನಿ, ಎರಡನೇ ಸೆಮಿಸ್ಟರ್. ಮೊನ್ನೆ ಕಾಫಿ ಚೆಲ್ಲಿ ನನ್ನ ಲ್ಯಾಪ್‌ಟಾಪ್ ಕಥೆ ಮುಗೀತು (ಊರಿಂದ ಬಂದ ಕಾಫಿಪುಡಿಯ ಕೊನೇ ಲೋಟ, ಅದೂ ಹೋಯ್ತು).

ಯೂನಿವರ್ಸಿಟಿ ಲೈಬ್ರರಿಯಲ್ಲಿ ಐಡಿ ಕಾರ್ಡ್ ತೋರಿಸಿ 7 ದಿನಕ್ಕೆ ಒಂದು ಲ್ಯಾಪ್‌ಟಾಪ್ ತಗೊಂಡು ಬಂದೆ. ಬೇರೆಯವರು ಕೇಳದಿದ್ದರೆ ಮಾತ್ರ ರಿನ್ಯೂ, ತಡವಾದರೆ ದಂಡ. ಅದಾದರೂ ಪರವಾಗಿಲ್ಲ, ಆದರೆ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಏನೂ ಇನ್‌ಸ್ಟಾಲ್ ಆಗಲ್ಲ. ರೀಸ್ಟಾರ್ಟ್ ಮಾಡಿದರೆ ಸೇವ್ ಮಾಡಿದ್ದೆಲ್ಲ ಮಾಯ! ಒಂದು ರಾತ್ರಿಯ ಕೆಲಸ ಹಾಗೇ ಹೋಯ್ತು, ಈಗ ಪೆನ್‌ಡ್ರೈವೇ ದೇವರು.

ಮ್ಯಾಟ್‌ಲ್ಯಾಬ್ (ಲೆಕ್ಕಾಚಾರದ ಸಾಫ್ಟ್‌ವೇರ್) ಬ್ರೌಸರ್‌ನಲ್ಲೇ ಓಡುತ್ತೆ, ಬಚಾವ್. ಆದರೆ ಸರ್ಕ್ಯೂಟ್‌ಗಳನ್ನು ಕಂಪ್ಯೂಟರ್‌ನಲ್ಲೇ ಪರೀಕ್ಷಿಸೋ ಎಲ್‌ಟಿಸ್ಪೈಸ್ ಸಾಫ್ಟ್‌ವೇರ್‌ಗೆ ಏನು ಮಾಡಲಿ? ಡಿಪಾರ್ಟ್‌ಮೆಂಟ್ ಲ್ಯಾಬ್ ಕಂಪ್ಯೂಟರ್‌ಗೆ ರಿಮೋಟ್ ಆಗಿ ಸೇರಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಸಲ್ಲಿಸೋಕೆ 3 ವಾರ ಇದೆ.