ಗರ್ಭಕೋಶದ ಒಳಪದರಕ್ಕೆ ಸ್ಟೆಮ್ ಸೆಲ್, ಅಡ್ವಾನ್ಸ್ ಕಟ್ಟಬಹುದಾ?

ಮದ್ದೂರಿನವಳು:
ಗರ್ಭಪಾತ ಆದಮೇಲೆ ಡಿ ಅಂಡ್ ಸಿ, ಅಂದರೆ ಗರ್ಭಕೋಶದ ಒಳಗೆ ಕೆರೆದು ಸ್ವಚ್ಛ ಮಾಡುವುದು, ಮಾಡಿದ್ದರು. ಆಮೇಲಿಂದ ಮುಟ್ಟು ಬರೀ ಕಲೆಯಷ್ಟೇ. ಮಾತ್ರೆ ತಗೊಂಡರೂ ಒಳಪದರ 5 ಮಿ.ಮೀ. ದಾಟುತ್ತಿಲ್ಲ. ಆಷರ್ಮನ್ ಸಿಂಡ್ರೋಮ್, ಅಂದರೆ ಗರ್ಭಕೋಶದ ಒಳಗೋಡೆಗಳು ಗಾಯದಿಂದ ಅಂಟಿಕೊಳ್ಳುವುದು, ಇರಬಹುದು ಅಂದರು. ಈಗ ಮೈಸೂರಿನ ಒಂದು ಕ್ಲಿನಿಕ್‌ನಲ್ಲಿ ನಿಮ್ಮದೇ ಸ್ಟೆಮ್ ಸೆಲ್ (ಬೇರೆ ಬಗೆಯ ಸೆಲ್‌ಗಳಾಗಿ ಬೆಳೆಯಬಲ್ಲ ಮೂಲ ಸೆಲ್) ಹಾಕಿ ಪದರ ಬೆಳೆಸುತ್ತೇವೆ ಅನ್ನುತ್ತಿದ್ದಾರೆ. ಪ್ಯಾಕೇಜ್ ಅಂತೆ, ಮೊದಲೇ ಅಡ್ವಾನ್ಸ್ ಬೇಕಂತೆ. ಅತ್ತೆ ಚೀಟಿ ಎತ್ತೋಣ ಅಂತ ಕೂತಿದ್ದಾರೆ. ಇದು ಕೆಲಸ ಮಾಡುತ್ತಾ?

ಲ್ಯಾಬ್ ಕೆಲಸದವನು, ಕುವೆಂಪುನಗರ:
ಸೆಲ್ ಎಲ್ಲಿಂದ ತೆಗೆಯುತ್ತಾರೆ ಅಂತ ಕೇಳಿ ಮೊದಲು. ಒಂದು ಸಿರಿಂಜ್ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅವತ್ತೇ ಹಾಕಿ ಕಳಿಸುವುದಾದರೆ ಅದು ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್. ಸ್ಟೆಮ್ ಸೆಲ್ ಅಲ್ಲವೇ ಅಲ್ಲ. ಹಾಗಂತ ಸ್ಟೆಮ್ ಸೆಲ್ ವಿಷಯ ಪೂರ್ತಿ ಬುರುಡೆಯೂ ಅಲ್ಲ. 2016ರಲ್ಲಿ ಸ್ಪೇನ್‌ನವರು ವರದಿ ಪ್ರಕಟಿಸಿದರು: ಇಂಜೆಕ್ಷನ್ ಕೊಟ್ಟು ಮೂಳೆಮಜ್ಜೆಯ ಸೆಲ್‌ಗಳು ರಕ್ತಕ್ಕೆ ಬರುವ ಹಾಗೆ ಮಾಡಿ, ಅದರಿಂದ ಸಿಡಿ133 ಅನ್ನುವ ಬಗೆಯವನ್ನು ಬೇರ್ಪಡಿಸಿ, ಗರ್ಭಕೋಶದ ಸಣ್ಣ ರಕ್ತನಾಳಗಳಿಗೇ ಕ್ಯಾತಿಟರ್ ಅನ್ನುವ ತೆಳು ಕೊಳವೆಯಲ್ಲಿ ಬಿಟ್ಟರು. ಕೆಲವರಿಗೆ ಮುಟ್ಟು ಸರಿಹೋಯಿತು, ಕೆಲವರು ಬಸುರಿಯೂ ಆದರು. ಆದರೆ ಸೇರಿಸಿಕೊಂಡಿದ್ದೇ 18 ಜನ, ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. ಅಷ್ಟರ ಮೇಲೆ ಪ್ಯಾಕೇಜ್ ಮಾರುತ್ತಾರೆ ಅಂದರೆ ಧೈರ್ಯ ಮೆಚ್ಚಬೇಕು ಬಿಡಿ.

ಹೆಬ್ಬಾಳು ಅಕ್ಕ:
ಐಸಿಎಂಆರ್ ಅಂದರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ, ಅದರ 2017ರ ಮಾರ್ಗಸೂಚಿ ಪ್ರಕಾರ ಸ್ಟೆಮ್ ಸೆಲ್ ಚಿಕಿತ್ಸೆಗೆ ಒಪ್ಪಿಗೆ ಇರುವುದು ರಕ್ತದ ಕಾಯಿಲೆಯಂಥ ಕೆಲವಕ್ಕೆ ಮಾತ್ರ. ಮಿಕ್ಕಿದ್ದೆಲ್ಲ ಟ್ರಯಲ್‌ನಲ್ಲೇ, ಅಂದರೆ ಸಂಶೋಧನೆಯ ಪ್ರಯೋಗದಲ್ಲೇ, ಆಗಬೇಕು. ಟ್ರಯಲ್‌ಗೆ ಸೇರಿದವರ ಹತ್ತಿರ ಆ ಚಿಕಿತ್ಸೆಗೆ ದುಡ್ಡು ಕೇಳುವ ಹಾಗಿಲ್ಲ. ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸರ್ಕಾರಿ ಪಟ್ಟಿ) ನೋಂದಣಿ ನಂಬರ್ ಕೊಡಿ ಅನ್ನಿ, ಮುಖ ನೋಡಿದರೆ ಗೊತ್ತಾಗುತ್ತೆ.

ಇನ್ನೊಂದು, ನಿಮಗೆ ಹಿಸ್ಟರೋಸ್ಕೋಪಿ, ಅಂದರೆ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡುವುದು, ಆಗಿದೆಯಾ? ಒಳಗೆ ಅಂಟಿಕೊಂಡಿದ್ದರೆ ಅದನ್ನು ಕ್ಯಾಮೆರಾದಲ್ಲಿ ನೋಡಿಯೇ ಖಚಿತ ಮಾಡುವುದು, ಅಲ್ಲೇ ಬಿಡಿಸುವುದೂ ಉಂಟು. ಟಿಬಿ ಪರೀಕ್ಷೆಯನ್ನೂ ಕೇಳಿ. ನಮ್ಮ ದೇಶದಲ್ಲಿ ಒಳಪದರ ಹಾಳಾಗಲು ಅದೂ ಒಂದು ಕಾರಣ, ಕೆಮ್ಮು ಗಿಮ್ಮು ಏನೂ ಇಲ್ಲದೆ ಸುಮ್ನೆ ಕೂತಿರುತ್ತೆ. ದುಡ್ಡಿನ ಯೋಚನೆ ಇದ್ದರೆ ಮೈಸೂರಿನ ಸರ್ಕಾರಿ ಚೆಲುವಾಂಬ ಆಸ್ಪತ್ರೆಯಲ್ಲಿ ವಿಚಾರಿಸಿ.

ಮದ್ದೂರಿನವಳು:
ಇಲ್ಲ ಅಕ್ಕ, ಬರೀ ಸ್ಕ್ಯಾನ್ ಆಗಿದೆ. ಕ್ಲಿನಿಕ್‌ಗೆ ಫೋನ್ ಮಾಡಿದೆ, ಒಂದು ಸಿರಿಂಜ್ ರಕ್ತ ಸಾಕು ಅಂದರು! ಅಡ್ವಾನ್ಸ್ ಕಟ್ಟಲ್ಲ. ಹಿಸ್ಟರೋಸ್ಕೋಪಿಗೆ ಯಾವಾಗ ಹೋಗಬೇಕು?

ಹೆಬ್ಬಾಳು ಅಕ್ಕ:
ಸಾಮಾನ್ಯವಾಗಿ ಮುಟ್ಟು ನಿಂತ ಮುಂದಿನ ದಿನಗಳಲ್ಲೇ ಮಾಡುತ್ತಾರೆ, ಆಗ ಒಳಗೆ ಚೆನ್ನಾಗಿ ಕಾಣುತ್ತೆ. ನಿಮಗೆ ಮುಟ್ಟು ಸರಿಯಾಗಿ ಬರದ ಕಾರಣ ದಿನ ಡಾಕ್ಟರೇ ಹೇಳಲಿ. ಡಿ ಅಂಡ್ ಸಿ ಆದಾಗಿನ ಚೀಟಿ, ಸ್ಕ್ಯಾನ್ ರಿಪೋರ್ಟ್ ಎರಡನ್ನೂ ತಗೊಂಡು ಹೋಗಿ.